ಕಾರಂಜಾದ ತಳದಲ್ಲಿ ಟಿಕ್ ಟಿಕ್

ನೋಡಿ, ಇದು ಕಾರಂಜಾ ಹಿನ್ನೀರು. ಬೀದರಿನಿಂದ ನಸುಕಿನಲ್ಲೇ ಹೊರಟು ಬಂದಿದ್ದೇವೆ. ಹೋದ ತಿಂಗಳು ಇಲ್ಲಿ ನೀರಿನ ಬಿಸಿ ಅಳೆಯುವ ಲಾಗರ್ ಬಿಟ್ಟಿದ್ದೆ. ಗುರುತಿಗೆ ಮೇಲೆ ತೇಲುವಂತೆ ಕಟ್ಟಿದ್ದ ಕ್ಯಾನನ್ನು ಯಾರೋ ಕೊಯ್ದುಕೊಂಡು ಹೋಗಿದ್ದಾರೆ, ಈಗ ತಳದಲ್ಲಿರುವ ಲಾಗರನ್ನು ಹುಡುಕಬೇಕು. ಇಪ್ಪತ್ತು ಲೀಟರಿನ ಒಳ್ಳೆ ಕ್ಯಾನು. ಹೋಗಲಿ ಬಿಡಿ.

ಜಿಪಿಎಸ್ ಹಾಕಬಾರದಿತ್ತಾ ಅನ್ನಬೇಡಿ. ಅದರ ಸಿಗ್ನಲ್ ನೀರಿನಲ್ಲಿ ಒಂದೆರಡು ಅಡಿಗೇ ಸಾಯುತ್ತದೆ. ದೂರ ಹೋಗುವುದು ಸದ್ದು. ಅದೂ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿ ಹೋಗುವುದರ ನಾಲ್ಕು ಪಟ್ಟಿಗಿಂತ ಜಾಸ್ತಿ. ಅದಕ್ಕೇ ಲಾಗರ್ ಜೊತೆ ಪಿಂಗರ್, ಅಂದರೆ ಸದ್ದು ಮಾಡುವ ಡಬ್ಬಿ, ಕಟ್ಟಿದ್ದೆ, ಸೆಕೆಂಡಿಗೊಂದು ಟಿಕ್. ವಿಮಾನದ ಬ್ಲ್ಯಾಕ್ ಬಾಕ್ಸ್‌ಗೂ ಇಂಥದ್ದೇ ಇರುತ್ತದೆ. ಆದರೆ ಅದು 37.5 ಕಿಲೋಹರ್ಟ್ಜ್. ನಮ್ಮ ಕಿವಿಗೆ 20ರ ಆಚೆ ಕೇಳುವುದಿಲ್ಲ. ನನ್ನ ಪಿಂಗರ್ 9, ಇಯರ್‌ಫೋನ್ ಸಾಕು.

ಇದು ನನ್ನ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್. ನಗಬೇಡಿ. ಪಿವಿಸಿ ಪೈಪು, ತುದಿಗೆ ಸದ್ದನ್ನು ಕರೆಂಟಿನ ಸಿಗ್ನಲ್ ಮಾಡುವ ಪೀಜೋ ಬಿಲ್ಲೆ, ಅದರ ಬೆನ್ನಿಗೆ ಥರ್ಮಾಕೋಲ್. ಥರ್ಮಾಕೋಲಿನ ಗಾಳಿ ಹಿಂದಿನಿಂದ ಬರುವ ಸದ್ದನ್ನು ತಡೆಯುತ್ತದೆ. ಪೈಪು ತಿರುಗಿಸುತ್ತಾ ಹೋದರೆ ಎಲ್ಲಿ ಜೋರೋ ಅದೇ ದಿಕ್ಕು. ಅಂಗಡಿಯದಕ್ಕೆ ಸಾವಿರಗಟ್ಟಲೆ ಕೊಡುವುದು ಶುದ್ಧ ದಂಡ.

ಈ ಶಾಟ್‌ನಲ್ಲಿ ನನ್ನ ಮುಖ ನೋಡಿ. ನೀರಿಗಿಳಿಸಿದ ಕೂಡಲೇ ಟಿಕ್, ಟಿಕ್! ಬಲಕ್ಕೆ ತಿರುಗಿಸಿದೆ, ಅಷ್ಟೇ ಜೋರು. ಎಡಕ್ಕೂ ಅಷ್ಟೇ. ಹಾಗಾದರೆ ಅದರ ತಲೆ ಮೇಲೇ ಇದ್ದೇವೆ ಅಂತ ಕೊಕ್ಕೆ ಬಿಟ್ಟು ಎಳೆದೆವು. ಹರಕು ಬಲೆ ಬಂತು. ಇನ್ನೊಂದು ಕಡೆ ಹೋದೆವು, ಅಲ್ಲೂ ತಲೆ ಮೇಲೇ! ಮತ್ತೊಂದು ಕಡೆ, ಅಲ್ಲೂ! ದೋಣಿಗೆ ಗಂಟೆಗೆ ಐನೂರು. ಮುಕ್ಕಾಲು ಗಂಟೆ ಹೀಗೇ ಸುತ್ತಿದೆವು. ಸುಮ್ನೆ ನೋಡುತ್ತಿದ್ದ ದೋಣಿಯ ಕಾಕಾ ಕೊನೆಗೆ, "ಪೈಪ್ ನೀರಾಗಿಂದ ಮ್ಯಾಲ ಎತ್ತಿ ನೋಡಪಾ, ಆವಾಗೂ ಕೇಳ್ತದೇನು?" ಅಂದರು. ಎತ್ತಿದೆ. ಕೇಳುತ್ತಿದೆ! ಪೈಪು ಹಿಡಿದ ಕೈಯಲ್ಲೇ ವಾಚು ಇತ್ತು. ಅದರ ಸದ್ದು ಪೈಪಿನಲ್ಲಿಳಿದು ಪೀಜೋ ಸೇರುತ್ತಿತ್ತು. ಮಾವ ಮದುವೆಯಲ್ಲಿ ಕೊಟ್ಟ ವಾಚದು. ಬೇಡ ಅಂದಿದ್ದೆ ಆಗಲೇ. ಅಂಗಡಿಯದೇ ತಗೊಂಡಿದ್ದರೆ ಒಳ್ಳೆಯದಿತ್ತೇನೋ.

ವಾಚು ಈಗ ಜೇಬಿನಲ್ಲಿದೆ. ಇಂಜಿನ್ನೂ ಬಂದ್. ಈಗ ಕೇಳುವುದು ನಿಜವಾದ ಟಿಕ್, ಬಹಳ ಸಣ್ಣಗೆ. ಬಂಡೆ ಹತ್ತಿರದಿಂದ ಒಂದು ದಿಕ್ಕು ಹಿಡಿದೆ, ಜಾಲಿ ಗಿಡದ ಕಡೆಯಿಂದ ಇನ್ನೊಂದು. ಮ್ಯಾಪಿನಲ್ಲಿ ಎರಡು ಗೆರೆ ಕೂಡಿದ ಕಡೆ ಕೊಕ್ಕೆ ಬಿಟ್ಟಿದ್ದೇವೆ. ಕಾಕಾ, ಮೆಲ್ಲಗೆ ಎಳೀರಿ... ಭಾರ ಇದೆ ಅಲ್ವಾ? ಪಾಚಿ ಮೆತ್ತಿದೆ, ನೋಡಿ, ಅದೇ ಕೆಂಪು ಟೇಪು! ಅಯ್ಯೋ, ಕ್ಯಾಮೆರಾ ಬ್ಯಾಟರಿ ಎರಡು ಪರ್ಸೆಂಟ್. ಲಾಗರ್ ಬಿಚ್ಚುವುದು ಮುಂದಿನ ವಿಡಿಯೋದಲ್ಲಿ, ಈಗ