ಒಂದು ತುಂಡು ಸಜ್ಜೆ ರೊಟ್ಟಿ

ಕೇಳುಗರಿಗೆ ನಮಸ್ಕಾರ.

ಒಬ್ಬ ಹುಡುಗಿ ಯಾರದೋ ಮನೆ ಬಾಗಿಲಲ್ಲಿ ನಿಂತಿದ್ದಾಳೆ. ಹದಿನಾರರ ಆಸುಪಾಸಿನ ವಯಸ್ಸು. ಹಸಿದು ಮಲಗಿರುವ ಅಮ್ಮ ಒಂದು ತುಂಡು ಸಜ್ಜೆ ರೊಟ್ಟಿ ಕೇಳಿದ್ದಾಳೆ. ಈ ಹುಡುಗಿಗೆ ಸಂಸ್ಕೃತ ಶ್ಲೋಕಗಳು ಸಾವಿರಗಟ್ಟಲೆ ಬಾಯಿಗೆ ಬರುತ್ತವೆ. ಆದರೆ ರೊಟ್ಟಿ ಕೊಡಿ ಅನ್ನೋಕೆ ನಾಲಗೆ ಏಳುತ್ತಿಲ್ಲ. ಕೊನೆಗೂ ರೊಟ್ಟಿ ಸಿಕ್ಕಿತು. ಅದನ್ನು ತಿನ್ನುವಷ್ಟು ಶಕ್ತಿ ಅಮ್ಮನಲ್ಲಿ ಉಳಿದಿರಲಿಲ್ಲ. ಸ್ಮಶಾನಕ್ಕೆ ಒಯ್ಯಲು ಹೆಗಲು ಕೊಡುವವರೂ ಸಾಲಲಿಲ್ಲ. ಚಟ್ಟಕ್ಕೆ ಮಗಳೇ ಕೈ ಹಾಕಿದಳು. ಕುಳ್ಳಗಿದ್ದಳಲ್ಲ, ಹೆಗಲಿಗೆ ಎಟುಕಲಿಲ್ಲ, ತಲೆ ಮೇಲೆ ಹೊತ್ತಳು.

ಇವರೇ ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ ಹುಟ್ಟುವ ಜಾಗ ಅದು. ಅಲ್ಲಿಂದ ಹೊರಟು ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುತ್ತಾ ತಿರುಗುತ್ತಿದ್ದ ಕುಟುಂಬ ಬರಗಾಲಕ್ಕೆ ಸಿಕ್ಕಿತು. ಅಪ್ಪ, ಅಮ್ಮ, ಅಕ್ಕ ಮೂವರೂ ಹೋದರು. ಮುಂದೆ 1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು. ಅದು ಮುಖ್ಯವಾಗಿ ಮೇಲ್ಜಾತಿಯ ಬಾಲವಿಧವೆಯರಿಗೆ. ಹಣ ಬಾಸ್ಟನ್ನಿನ ಒಂದು ಸಂಘದ್ದು, ಅದೂ ಹತ್ತು ವರ್ಷಕ್ಕೆ ಮಾತ್ರ.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ರಮಾಬಾಯಿ ಹೊರಟೇಬಿಟ್ಟರು. ಬಡವರ ಛತ್ರ, ಗಂಜಿ ಶಿಬಿರ ಸುತ್ತಿದರು. ಮೂಳೆ ಎಣಿಸಬಹುದಾದ ಮಕ್ಕಳನ್ನು ನೋಡಿದರು. ಅದಕ್ಕಿಂತ ಅವರನ್ನು ಕಂಗೆಡಿಸಿದ್ದು ಬೇರೆ. ಕಾಪಾಡಬೇಕಾದ ಶಿಬಿರಗಳಲ್ಲೇ ಒಂಟಿ ಹುಡುಗಿಯರು ಕೆಟ್ಟ ಗಂಡಸರ ಕೈಗೆ ಬೀಳುತ್ತಿದ್ದರು. ಸುಮಾರು 300 ಹುಡುಗಿಯರಿಗೆ ನೆಲೆ ಕೊಡುವ ಹಟ ಹಿಡಿದರು. ಇವರಲ್ಲಿ ಎಲ್ಲ ಜಾತಿಯವರೂ ಇದ್ದರು. ಬಾಸ್ಟನ್ ಹಣದ ಲೆಕ್ಕಕ್ಕೆ ಇವರು ಹೊಂದುವವರಲ್ಲ, ನೋಡಿ!

ಕರೆತಂದ ಮೇಲೆ ಕಷ್ಟ ಮುಗಿಯಿತೇ? ಬರದ ಕಥೆ ಬಂದಾಗೆಲ್ಲ ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದರು, ಬಹಳ ದಿನ ಹಸಿದವರಿಗೆ ಒಮ್ಮೆಲೇ ಅನ್ನ ಬಡಿಸಿದರೆ ಜೀವಕ್ಕೇ ಕುತ್ತು, ಗುಟುಕು ಗುಟುಕಾಗಿ ಗಂಜಿ ಕುಡಿಸಬೇಕು ಅಂತ. ನೂರಾರು ಮಕ್ಕಳಿಗೆ ಹಾಗೆ ಕುಡಿಸುತ್ತಾ ಕೂರುವುದನ್ನು ಸುಮ್ನೆ ಊಹಿಸಿಕೊಳ್ಳಿ. ಅಷ್ಟರಲ್ಲಿ ಪುಣೆಗೆ ಪ್ಲೇಗು ಬಂತು. ಶಾರದಾ ಸದನ ಆಗಲೇ ಮುಂಬೈ ಬಿಟ್ಟು ಪುಣೆಗೆ ಬಂದಿತ್ತು. ಅಲ್ಲಿ ಇಷ್ಟು ಜನ ಇರುವಂತಿಲ್ಲ ಎಂದಿತು ಸರ್ಕಾರ. ಹಣ್ಣಿನ ತೋಟ ಮಾಡಲೆಂದು ಪುಣೆ ಜಿಲ್ಲೆಯ, ರೈಲು ದಾರಿಯ ಕೇಡಗಾಂವ್‌ನಲ್ಲಿ ಕೊಂಡಿಟ್ಟ ಜಮೀನಿತ್ತು. ಹುಡುಗಿಯರನ್ನು ಅಲ್ಲಿಗೇ ಸಾಗಿಸಿದರು. ಮುಕ್ತಿ ಸದನ ಶುರುವಾಗಿದ್ದು ಹೀಗೆ. 1900ರ ಬರದ ನಂತರ ಅಲ್ಲಿದ್ದವರು 1,500ಕ್ಕೂ ಜಾಸ್ತಿ.

ಅನ್ನ ಕೊಟ್ಟು ಮತ ಬದಲಿಸಿದರು ಅನ್ನುವ ಆರೋಪ ಆಗಲೂ ಇತ್ತು. 1893ರಲ್ಲೇ ಶಾರದಾ ಸದನದಿಂದ ಹಲವರು ಮಕ್ಕಳನ್ನು ಬಿಡಿಸಿಕೊಂಡು ಹೋಗಿದ್ದರು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಮುಕ್ತಿಯಂತೂ ಕ್ರೈಸ್ತ ಸಂಸ್ಥೆ, ಅದನ್ನು ಅವರು ಮುಚ್ಚಿಡಲಿಲ್ಲ. ಪ್ರಶ್ನೆ ಸುಳ್ಳಲ್ಲ. ಹಸಿದವರ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ, ಅಲ್ವಾ? ಆದರೆ ನನಗನಿಸುವುದು, ಈ ಯಾತ್ರೆಗೆ ಅವರನ್ನು ಎಬ್ಬಿಸಿದ್ದು ಬರಿ ಬೈಬಲ್ ಅಲ್ಲ, ಆ ರೊಟ್ಟಿ ತುಂಡು ಕೂಡ. ಬರದ ಸುದ್ದಿ ಕೇಳಿದಾಗ ತಮ್ಮ ಹಸಿವಿನ ದಿನಗಳು ನೆನಪಾದವು ಎಂದು ಅವರೇ ಬರೆದುಕೊಂಡಿದ್ದಾರೆ.

ಮಗಳು ಮನೋರಮಾ ಮುಂದೆ ನಮ್ಮ ಕಲಬುರಗಿಗೆ ಬಂದು ಶಾಲೆ ತೆರೆದರು. ಅಮ್ಮ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತರುತ್ತಾ ಕೂತರು. 1922ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. ಅದನ್ನು ಅಚ್ಚು ಹಾಕಿದ್ದು ಕೇಡಗಾಂವ್‌ನ ಅವರದೇ ಮುದ್ರಣಾಲಯದಲ್ಲಿ. ಒಂದೊಂದೇ ಅಚ್ಚಿನ ಮೊಳೆ ಆರಿಸಿ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳು.

ನಮಸ್ಕಾರ.