ಪೈಲಟ್‌ಗಿಂತ ಎತ್ತರದ ಹೆಬ್ಬೆಟ್ಟಿನ ಗುರುತು: ಸ್ಕೇಲ್ ಮಾಡೆಲ್ ಸ್ಪರ್ಧೆಯಲ್ಲಿ ತೀರ್ಪುಗಾರರು ಹುಡುಕುವುದೇನು?

[ತೆರೆಯ ಮೇಲೆ: ಒಂದೇ ಮೇಜಿನ ಮೇಲೆ ಎರಡು ಸ್ಪಿಟ್‌ಫೈರ್ ಮಾದರಿಗಳು]

ನಮಸ್ಕಾರ. ಎರಡನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಈ ಎರಡು ಮಾದರಿಗಳನ್ನು ನೋಡಿ. ಒಂದರ ಬಣ್ಣ ಬಿಸಿಲಿಗೆ ಮಾಸಿದೆ. ರೆಕ್ಕೆಯ ಬುಡದಲ್ಲಿ ಮೆಕ್ಯಾನಿಕ್‌ಗಳು ತುಳಿದು ತುಳಿದು ಪೇಂಟು ಕಿತ್ತುಹೋಗಿದೆ, ಎಂಜಿನ್ನಿನ ಹೊಗೆ ಮೈಮೇಲೆಲ್ಲ ಮಸಿಯಾಗಿ ಹರಡಿದೆ. ಸಭಾಂಗಣಕ್ಕೆ ಬಂದವರೆಲ್ಲ ಇದರ ಮುಂದೆಯೇ ನಿಂತು ಫೋಟೊ ತೆಗೆಯುತ್ತಾರೆ. ಪಕ್ಕದ್ದು ಅಚ್ಚುಕಟ್ಟಾಗಿದೆ, ಅಷ್ಟೆ. ಆದರೆ ಫಲಿತಾಂಶ ಬಂದಾಗ ಪದಕ ಆ ಪಕ್ಕದ್ದರ ಪಾಲಾಗಿರುತ್ತದೆ.

ಹೀಗೇಕೆ ಆಗುತ್ತದೆ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ತೀರ್ಪುಗಾರರಿಗೆ ಕಣ್ಣಿಲ್ಲವೇ ಎಂದು ಸಿಟ್ಟಿನಿಂದ ಕೇಳಿದವರೂ ಇದ್ದಾರೆ. ಅವರಿಗೆ ಕಣ್ಣಿದೆ. ಅವರು ಆ ಕಣ್ಣನ್ನು ಎಷ್ಟು ಹತ್ತಿರಕ್ಕೆ ತರುತ್ತಾರೆ ಎನ್ನುವುದರಲ್ಲೇ ಉತ್ತರವಿದೆ.

[ತೆರೆಯ ಮೇಲೆ: ಸಮಾವೇಶದ ದೊಡ್ಡ ಸಭಾಂಗಣ, ಸಾಲು ಸಾಲು ಮೇಜುಗಳು]

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳ, ಅಂದರೆ ಬಿಡಿಭಾಗಗಳನ್ನು ಅಂಟಿಸಿ ಮಾದರಿ ಕಟ್ಟುವ ಪೆಟ್ಟಿಗೆಗಳ ಚರಿತ್ರೆ 1936ರಲ್ಲಿ ಬ್ರಿಟನ್ನಿನ ಫ್ರಾಗ್ ಕಂಪನಿಯ ಪೆಂಗ್ವಿನ್ ಸರಣಿಯಿಂದ ಶುರುವಾಗುತ್ತದೆ. 1963ರಲ್ಲಿ ಅದೇ ಬ್ರಿಟನ್ನಿನಲ್ಲಿ ಇಂಟರ್‌ನ್ಯಾಷನಲ್ ಪ್ಲಾಸ್ಟಿಕ್ ಮಾಡೆಲರ್ಸ್ ಸೊಸೈಟಿ, ಅಂದರೆ ಐಪಿಎಂಎಸ್ ಹುಟ್ಟಿತು; ಮರುವರ್ಷವೇ ಅಮೆರಿಕದಲ್ಲಿ ಅದರ ಶಾಖೆ ತೆರೆಯಿತು. ಇಂದು ಬ್ರಿಟನ್ನಿನವರು ನವೆಂಬರ್‌ನಲ್ಲಿ ಟೆಲ್ಫರ್ಡ್‌ನಲ್ಲಿ ಸೇರುತ್ತಾರೆ, ಅಮೆರಿಕದವರು ವರ್ಷಕ್ಕೊಂದು ಊರು ಬದಲಿಸುತ್ತಾರೆ, ಜಪಾನಿನಲ್ಲಿ ಮೇ ತಿಂಗಳು ಬಂತೆಂದರೆ ಎಲ್ಲರ ದಾರಿಯೂ ಶಿಜುವೊಕಾದ ಕಡೆಗೆ. ಕಿಟ್ ತಯಾರಿಸುವ ತಮಿಯಾ, ಹಸೆಗಾವಾ, ಅವೊಶಿಮಾ ಮೂರೂ ಅದೇ ಪ್ರಾಂತ್ಯದ ಕಂಪನಿಗಳು. ಇಂಥ ಸಮಾವೇಶದಲ್ಲಿ ಸ್ಪರ್ಧೆ ಒಂದು ಭಾಗ ಮಾತ್ರ. ಕಿಟ್ ಮಾರುವವರು, ಹಳೆಯ ಕಿಟ್‌ಗಳನ್ನು ಕೈಬದಲಾಯಿಸುವವರು, ಪಾಠ ಹೇಳುವವರು, ಸ್ಪರ್ಧೆಯ ಗೋಜಿಲ್ಲದೆ ಕ್ಲಬ್ಬಿನ ಮೇಜಿನ ಮೇಲೆ ತಮ್ಮ ಮಾದರಿಗಳನ್ನು ಸುಮ್ಮನೆ ಇಟ್ಟು ಕೂತವರು, ಎಲ್ಲರೂ ಅಲ್ಲಿರುತ್ತಾರೆ. ನಾವು ಇವತ್ತು ಹೋಗುತ್ತಿರುವುದು ಸ್ಪರ್ಧೆಯ ಕೋಣೆಯೊಳಕ್ಕೆ.

[ತೆರೆಯ ಮೇಲೆ: 1:72]

ಈ ಸಂಖ್ಯೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಮಾದರಿ ನಿಜದ ವಸ್ತುವಿನ 72ರಲ್ಲಿ ಒಂದು ಪಾಲು ಎಂದು ಇದರ ಅರ್ಥ. ಮೂಲದಲ್ಲಿ ಇದು ಇಂಚು, ಅಡಿಗಳ ಲೆಕ್ಕ. ಆರು ಅಡಿಯನ್ನು ಒಂದು ಇಂಚಿಗೆ ಇಳಿಸಿದರೆ 1:72. ಒಂದು ಅಡಿಯನ್ನು ಕಾಲು ಇಂಚಿಗೆ ಇಳಿಸಿದರೆ 1:48. ಟ್ಯಾಂಕುಗಳ 1:35 ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. 1960ರ ದಶಕದ ಆರಂಭದಲ್ಲಿ ತಮಿಯಾ ಕಂಪನಿ ತನ್ನ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟಾರು ಮತ್ತು ಬ್ಯಾಟರಿ ಕೂರಲು ಎಷ್ಟು ಜಾಗ ಬೇಕೋ ಅಷ್ಟು ದೊಡ್ಡದಾಗಿ ಮಾಡಿತು. ಆಮೇಲೆ ಅಳೆದು ನೋಡಿದರೆ ಅದು 1:35 ಆಗಿತ್ತು! ಇವತ್ತು ಜಗತ್ತಿನ ಬಹುಪಾಲು ಟ್ಯಾಂಕ್ ಮಾದರಿಗಳು ಆ ಬ್ಯಾಟರಿಗಳು ಹಾಕಿಕೊಟ್ಟ ಅಳತೆಯಲ್ಲೇ ಬರುತ್ತಿವೆ. ಈ ಸಂಗತಿ ನನಗೆ ಎಷ್ಟು ಸಲ ಹೇಳಿದರೂ ಬೇಸರ ತರಿಸುವುದಿಲ್ಲ.

ಮತ್ತೆ 1:72ಕ್ಕೆ ಬರೋಣ. 11.23 ಮೀಟರ್ ರೆಕ್ಕೆಯ ಸ್ಪಿಟ್‌ಫೈರ್ ಈ ಲೆಕ್ಕದಲ್ಲಿ ಸುಮಾರು 15.6 ಸೆಂಟಿಮೀಟರ್ ಆಗುತ್ತದೆ. ಅಂಗೈ ಮೇಲೆ ಕೂರುತ್ತದೆ. ನಾವೆಲ್ಲ ಈ ಸಂಖ್ಯೆಯನ್ನು ವಿಮಾನವನ್ನು ಕುಗ್ಗಿಸುವ ಲೆಕ್ಕವೆಂದೇ ಓದುತ್ತೇವೆ. ಅದನ್ನೇ ತಿರುಗಿಸಿ ಓದಿ. ಮಾದರಿಯ ಮೇಲೆ ನಮ್ಮ ಕೈ ಉಳಿಸಿದ ಪ್ರತಿಯೊಂದು ಗುರುತೂ 72 ಪಟ್ಟು ಹಿಗ್ಗುತ್ತದೆ.

[ತೆರೆಯ ಮೇಲೆ: ರೆಕ್ಕೆಯ ಮೇಲೆ ಒಣಗಿದ ಹೆಬ್ಬೆಟ್ಟಿನ ಗುರುತು, ತೀರಾ ಹತ್ತಿರದಿಂದ]

ಇಲ್ಲಿ ನೋಡಿ. ರೆಕ್ಕೆಯ ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧವನ್ನು ಜೋಡಿಸಿ ಹೆಬ್ಬೆರಳಿನಿಂದ ಅದುಮಿ ಹಿಡಿದು, ಸಂದಿಗೆ ತೆಳುವಾದ ಸಿಮೆಂಟ್ ಬಿಟ್ಟಿದ್ದಾರೆ. ಮಾಡೆಲ್ ಸಿಮೆಂಟ್ ಸಾಮಾನ್ಯ ಗೋಂದಿನ ಹಾಗೆ ಅಂಟಿಸುವುದಿಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ನೀರಿನಷ್ಟು ತೆಳ್ಳಗಿರುವುದರಿಂದ ಸಂದಿಯುದ್ದಕ್ಕೂ ತಾನಾಗಿಯೇ ಹರಿಯುತ್ತದೆ. ದಾರಿಯಲ್ಲಿ ಬೆರಳು ಸಿಕ್ಕರೆ ಅದರ ಅಡಿಗೂ ನುಗ್ಗುತ್ತದೆ. ಬೆರಳಿನ ಕೆಳಗಿನ ಪ್ಲಾಸ್ಟಿಕ್ ಮೆತ್ತಗಾಗಿ, ಚರ್ಮದ ಗೆರೆಗಳು ಅದರಲ್ಲಿ ಅಚ್ಚಾಗಿಬಿಡುತ್ತವೆ.

ಈಗ ಇದನ್ನು ಅಳೆಯೋಣ. ಈ ಗುರುತಿನ ಉದ್ದ ಎರಡೂವರೆ ಸೆಂಟಿಮೀಟರ್. 72ರಿಂದ ಗುಣಿಸಿ: 180 ಸೆಂಟಿಮೀಟರ್. ಅಂದರೆ ನಿಜವಾದ ಸ್ಪಿಟ್‌ಫೈರ್‌ನ ರೆಕ್ಕೆಯ ಮೇಲೆ ಆರಡಿ ಉದ್ದದ ಹೆಬ್ಬೆಟ್ಟಿನ ಗುರುತು! ಪಕ್ಕದಲ್ಲಿ ನಿಂತ ಪೈಲಟ್ ಅದಕ್ಕಿಂತ ಗಿಡ್ಡ. ಗೆರೆಗೂ ಗೆರೆಗೂ ನಡುವೆ ಅರ್ಧ ಮಿಲಿಮೀಟರ್ ಎಂದುಕೊಂಡರೆ, ನಿಜವಾದ ವಿಮಾನದಲ್ಲಿ ಅದು ಮೂರೂವರೆ ಸೆಂಟಿಮೀಟರ್ ಅಂತರದ ಉಳುಮೆಯ ಸಾಲುಗಳು. ಇಂಥ ವಿಮಾನ ರನ್‌ವೇ ಮೇಲೆ ಬಂದು ನಿಂತರೆ ಯಾರಾದರೂ ಹತ್ತುತ್ತಾರೆಯೇ?

ಇನ್ನೂ ಸ್ವಲ್ಪ ಗುಣಿಸೋಣ, ನನಗೆ ಇದು ಬಹಳ ಇಷ್ಟದ ಕೆಲಸ. ವಿಮಾನದ ಒಡಲಿನ ಎರಡು ಭಾಗಗಳ ನಡುವೆ 0.2 ಮಿಲಿಮೀಟರ್ ಸಂದಿ ಉಳಿದಿದೆ ಎನ್ನಿ. ನಿಜದಲ್ಲಿ ಅದು 14 ಮಿಲಿಮೀಟರ್, ಕಿರುಬೆರಳು ತೂರಿಸಬಹುದು. ಏರ್‌ಬ್ರಷ್‌ನಿಂದ ನಾಜೂಕಾಗಿ ಹೊಡೆದ ಬಣ್ಣದ ಪದರ 0.03 ಮಿಲಿಮೀಟರ್ ದಪ್ಪವಿದ್ದರೂ ನಿಜದಲ್ಲಿ ಎರಡು ಮಿಲಿಮೀಟರ್ ದಾಟುತ್ತದೆ, ಅಂದರೆ ಗಿಲಾವಿನಂಥ ಬಣ್ಣ. ರೇಡಿಯೊ ಆಂಟೆನಾದ ತಂತಿಗೆ ತಲೆಗೂದಲು ಬಳಸಿದರೆ ಸಾಕಲ್ಲವೇ ಎಂದು ಕೇಳುತ್ತೀರಿ. ಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಗುಣಿಸಿದರೆ ಐದು ಮಿಲಿಮೀಟರ್, ಆಂಟೆನಾ ತಂತಿಗೆ ತೀರಾ ದಪ್ಪ. ಅದಕ್ಕೇ ನುರಿತವರು ಕಿಟ್‌ನ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ಕೂದಲಿಗಿಂತ ಸಣ್ಣ ಎಳೆಯಾಗಿ ಎಳೆಯುತ್ತಾರೆ. ಹಡಗಿನವರ ಪಾಡು ಇನ್ನೂ ಕಠಿಣ. 263 ಮೀಟರ್ ಉದ್ದದ ಯಮಾತೊ ಯುದ್ಧನೌಕೆ 1:700ರಲ್ಲಿ 37 ಸೆಂಟಿಮೀಟರ್ ಚಿಲ್ಲರೆ. ಅದರ ಅಂಚಿನ ಕಟಕಟೆಗೆ 0.1 ಮಿಲಿಮೀಟರ್ ಹಿತ್ತಾಳೆಯ ಎಳೆ ಹಾಕಿದರೂ ನಿಜದಲ್ಲಿ ಅದು ಏಳು ಸೆಂಟಿಮೀಟರ್ ದಪ್ಪದ ದೂಲವಾಗುತ್ತದೆ.

[ತೆರೆಯ ಮೇಲೆ: ಮಾದರಿಯಿಂದ ಒಂದು ಮೀಟರ್ ದೂರದಲ್ಲಿ ವೀಕ್ಷಕ, 15 ಸೆಂಟಿಮೀಟರ್ ದೂರದಲ್ಲಿ ತೀರ್ಪುಗಾರ]

ದೂರಕ್ಕೂ ಇದೇ ಗುಣಾಕಾರ ಅನ್ವಯಿಸುತ್ತದೆ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ವಿದ್ಯಾರ್ಥಿಗಳಿಂದ ಐದು ಲಕ್ಷ ವಿಮಾನ ಮಾದರಿಗಳನ್ನು ಮಾಡಿಸಲು ಹೊರಟಿತು. ಅಳತೆ 1:72. ಶತ್ರು ವಿಮಾನವನ್ನು ದೂರದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸುವುದು ಉದ್ದೇಶ. ಕೋಣೆಯ ಆ ತುದಿಯಲ್ಲಿ, ಹತ್ತು ಮೀಟರ್ ಆಚೆ ಮಾದರಿಯನ್ನು ಹಿಡಿದರೆ, 720 ಮೀಟರ್ ದೂರದಲ್ಲಿ ಹಾರುವ ವಿಮಾನ ಎಷ್ಟು ಕಾಣುತ್ತದೋ ಅಷ್ಟೇ ಕಾಣುತ್ತದೆ.

ಈಗ ಸ್ಪರ್ಧೆಯ ಮೇಜಿಗೆ ಬನ್ನಿ. ನೋಡಲು ಬಂದವರು ಒಂದು ಮೀಟರ್ ದೂರದಲ್ಲಿ ನಿಂತಿರುತ್ತಾರೆ. ಅಂದರೆ ಅವರು ನೋಡುತ್ತಿರುವುದು 72 ಮೀಟರ್ ಆಚೆಯ ವಿಮಾನವನ್ನು. ಅಷ್ಟು ದೂರದಿಂದ ಕಣ್ಣಿಗೆ ಬೀಳುವುದು ಬಣ್ಣ, ಮಸಿ, ಮಾಸಿದ ಮೈ. ತೀರ್ಪುಗಾರರು ಬಗ್ಗಿ, ಮುಖವನ್ನು 15 ಸೆಂಟಿಮೀಟರ್‌ಗೆ ತರುತ್ತಾರೆ. ಅವರು ವಿಮಾನದಿಂದ ಹನ್ನೊಂದು ಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಅದರ ರೆಕ್ಕೆಯ ಪಕ್ಕದಲ್ಲೇ ನಿಂತಿದ್ದಾರೆ. ಅಲ್ಲಿಂದ ಬೆರಳು ತೂರುವ ಬಿರುಕು ಕಾಣದೆ ಇರುತ್ತದೆಯೇ? ಅಂದವಾದ ಆ ಮೊದಲ ಸ್ಪಿಟ್‌ಫೈರ್ ಸೋತದ್ದು ಅದರ ಅಂದದಿಂದಲ್ಲ. ಮಸಿಯ ಕೆಳಗೆ ಒಡಲಿನ ಸಂದಿ ಹಾಗೆಯೇ ಉಳಿದಿತ್ತು.

[ತೆರೆಯ ಮೇಲೆ: ಓರೆಯಾಗಿ ಬಿದ್ದ ಟಾರ್ಚ್ ಬೆಳಕಿನಲ್ಲಿ ಮಾದರಿಯ ಒಡಲು]

ತೀರ್ಪುಗಾರರ ಕೈಗೆ ಟಾರ್ಚ್ ಬರುವುದು ಇದಕ್ಕಾಗಿ. ಮೇಲಿನಿಂದ ನೇರವಾಗಿ ಬೀಳುವ ಬೆಳಕು ಉಬ್ಬುತಗ್ಗುಗಳನ್ನು ಮುಚ್ಚಿಹಾಕುತ್ತದೆ. ಓರೆಯಾಗಿ ಬೀಳುವ ಬೆಳಕು ಸಣ್ಣ ಗೀರಿಗೂ ನೆರಳು ಕೊಡುತ್ತದೆ. ತೀರ್ಪುಗಾರರು ಸಾಮಾನ್ಯವಾಗಿ ಮೂವರ ತಂಡದಲ್ಲಿ ಬರುತ್ತಾರೆ. ಐಪಿಎಂಎಸ್ ಪದ್ಧತಿಯಲ್ಲಿ ಮಾದರಿಯನ್ನು ಕೈಯಿಂದ ಎತ್ತುವುದಿಲ್ಲ. ಬಗ್ಗಿ, ಇಣುಕಿ, ಬೆಳಕು ಬಿಟ್ಟು ನೋಡುತ್ತಾರೆ. ಮೊದಲು ಹುಡುಕುವುದು ಸಂದಿಗಳು, ಅಂಟಿನ ಕಲೆ, ಅಚ್ಚಿನಿಂದ ಭಾಗವನ್ನು ಹೊರದೂಡುವ ಪಿನ್ನುಗಳು ಬಿಟ್ಟ ದುಂಡನೆಯ ಗುರುತು. ಆಮೇಲೆ ಜೋಡಣೆಯ ನೇರ. ಎರಡೂ ರೆಕ್ಕೆಗಳು ಒಂದೇ ಕೋನದಲ್ಲಿ ಎದ್ದಿವೆಯೇ, ಕಾರಿನ ನಾಲ್ಕೂ ಚಕ್ರ ನೆಲ ಮುಟ್ಟಿವೆಯೇ, ಟ್ಯಾಂಕಿನ ಸರಪಳಿ ಎಲ್ಲೂ ಗಾಳಿಯಲ್ಲಿ ತೇಲುತ್ತಿಲ್ಲವಷ್ಟೇ? ಇವೆಲ್ಲ ಸರಿಯಿದ್ದರೆ ಮಾತ್ರ ಬಣ್ಣ, ಮಸಿ, ಧೂಳಿನ ಸರದಿ. ಆ ವಿಮಾನದ ಹಸಿರು ಐತಿಹಾಸಿಕವಾಗಿ ಸರಿಯೇ ಎಂಬ ಚರ್ಚೆಗೆ ಸಿಗುವ ತೂಕ ಕಡಿಮೆ, ಮತ್ತು ಅದು ನ್ಯಾಯವೇ. ಪ್ರತಿ ವಿಮಾನದ ಚರಿತ್ರೆಯನ್ನೂ ಪ್ರತಿಯೊಬ್ಬ ತೀರ್ಪುಗಾರರೂ ಬಲ್ಲರೆಂದು ನಿರೀಕ್ಷಿಸುವಂತಿಲ್ಲ. ಸಂದಿ ಮುಚ್ಚಿದೆಯೋ ಇಲ್ಲವೋ ಎನ್ನುವುದನ್ನು ಮೂವರೂ ನೋಡಿ ಹೇಳಬಹುದು.

ಎರಡು ದೋಷಗಳನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೈಕೊಡುವುದು ಬಹುಮಟ್ಟಿಗೆ ಇವೇ. ಒಂದು, ಡೆಕಾಲ್, ಅಂದರೆ ಮಾದರಿಯ ಮೇಲೆ ಅಂಟಿಸುವ ಚಿಹ್ನೆ, ಅಂಕಿಗಳ ತೆಳು ಚಿತ್ರ, ಬೆಳ್ಳಿಯಂತೆ ಹೊಳೆಯುವುದು. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೈ ಒರಟು. ಅದರ ಮೇಲೆ ಡೆಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳಕಿಗೆ ಮಿನುಗುತ್ತದೆ. ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್ ಎಂಬ ಕ್ರಮ ಹುಟ್ಟಿದ್ದು ಇದರಿಂದ. ಇನ್ನೊಂದು, ಕಾಕ್‌ಪಿಟ್‌ನ ಗಾಜಿಗೆ ಮಂಜು ಕವಿಯುವುದು. ಸೂಪರ್ ಗ್ಲೂ ಆವಿ ಪಾರದರ್ಶಕ ಭಾಗಗಳ ಮೇಲೆ ಕೂತು ಬೆಳ್ಳಗಾಗುತ್ತದೆ. ಅಲ್ಲಿಗೆ ಮರಗೆಲಸದ ಬಿಳಿ ಗೋಂದೇ ಸರಿ, ಒಣಗಿದಾಗ ಅದು ಕಾಣಿಸುವುದೂ ಇಲ್ಲ.

ಇನ್ನು ಅಂಕದ ಪದ್ಧತಿ. ಸಮಯ ಓಡುತ್ತಿದೆ, ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಐಪಿಎಂಎಸ್ ಸಮಾವೇಶಗಳಲ್ಲಿ ಬಹುಕಾಲ ನಡೆದುಬಂದದ್ದು ಪ್ರತಿ ವಿಭಾಗಕ್ಕೂ ಮೊದಲ, ಎರಡನೆಯ, ಮೂರನೆಯ ಸ್ಥಾನ. ಟ್ಯಾಂಕ್ ಮಾದರಿಗಾರರ ಸಂಘಟನೆಯಾದ ಎಎಂಪಿಎಸ್ ನಿಗದಿತ ಮಟ್ಟ ಮುಟ್ಟಿದ ಎಲ್ಲರಿಗೂ ಚಿನ್ನ, ಬೆಳ್ಳಿ, ಕಂಚು ಕೊಡುತ್ತದೆ. ಪರೀಕ್ಷೆಯಲ್ಲಿ ರ‍್ಯಾಂಕ್ ಮತ್ತು ದರ್ಜೆಗಿರುವ ವ್ಯತ್ಯಾಸವೇ ಇಲ್ಲಿಯೂ: ರ‍್ಯಾಂಕ್ ಮೂವರಿಗೆ, ಪ್ರಥಮ ದರ್ಜೆ ಓದಿದವರಿಗೆಲ್ಲ. ನನ್ನ ಒಲವು ಎರಡನೆಯ ಪದ್ಧತಿಯ ಕಡೆಗೆ. ಪಕ್ಕದಲ್ಲಿ ಯಾರ ಮಾದರಿ ಬಂದು ಕೂತಿತು ಎಂಬುದು ನನ್ನ ಮಾದರಿಯ ಬೆಲೆಯನ್ನು ನಿರ್ಧರಿಸಬಾರದು. ಸ್ಥಾನದ ಪದ್ಧತಿಯಲ್ಲಿ ಪೈಪೋಟಿಯ ರೋಮಾಂಚನ ಹೆಚ್ಚು ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಮೊದಲ ಸಲ ಬಂದವರಿಗೆ ಬೇಕಾದದ್ದು ತಮ್ಮ ಕೆಲಸ ಯಾವ ಮಟ್ಟದಲ್ಲಿದೆ ಎಂಬ ಉತ್ತರ, ಅದನ್ನು ಮಟ್ಟದ ಪದ್ಧತಿಯೇ ಕೊಡುತ್ತದೆ.

[ತೆರೆಯ ಮೇಲೆ: ಸ್ಪಂಜಿನಲ್ಲಿ ಗೂಡು ಕೊರೆದ ಪೆಟ್ಟಿಗೆ, ಚಿಮಟ, ಸಣ್ಣ ಅಂಟಿನ ಸೀಸೆ]

ಹೊರಡುವ ಮುನ್ನ ಮಾಡಬೇಕಾದವನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ರಾತ್ರಿ ದೀಪ ಆರಿಸಿ, ನಿಮ್ಮ ಮಾದರಿಯ ಮೇಲೆ ನೀವೇ ಓರೆಯಾಗಿ ಟಾರ್ಚ್ ಬಿಡಿ. ಬಣ್ಣಕ್ಕೆ ಮುಂಚೆ ಬಳಿಯುವ ಬೂದು ಪ್ರೈಮರ್ ಹಂತದಲ್ಲೇ ಇದನ್ನು ಮಾಡಿದರೆ ತಿದ್ದಲು ಅವಕಾಶವಿರುತ್ತದೆ. ಬೆರಳಿನ ಅಚ್ಚು ಬಿದ್ದಿದ್ದರೆ ಒರೆಸಲು ಹೋಗಬೇಡಿ, ಪೂರ್ತಿ ಗಟ್ಟಿಯಾಗಲು ಬಿಟ್ಟು ಆಮೇಲೆ ಮರಳು ಕಾಗದದಿಂದ ಉಜ್ಜಿ. ಪೆಟ್ಟಿಗೆಯಲ್ಲಿ ಮಾದರಿ ಅಲುಗಾಡಬಾರದು, ಆದರೆ ಆಂಟೆನಾ, ಬಂದೂಕಿನ ನಳಿಗೆ ಯಾವುದನ್ನೂ ಮುಟ್ಟಲೂಬಾರದು. ದಾರಿಯಲ್ಲಿ ಏನಾದರೂ ಕಳಚಿದರೆ ಸರಿಪಡಿಸಲು ಚಿಮಟ, ಅಂಟು, ಬಳಸಿದ ಬಣ್ಣದ ಒಂದು ಹನಿ ಜೊತೆಗಿರಲಿ. ಅರ್ಜಿಯಲ್ಲಿ ವಿಭಾಗವನ್ನು ಸರಿಯಾಗಿ ಬರೆಯಿರಿ. ಕಿಟ್‌ನೊಳಗಿನ ಭಾಗಗಳಿಂದಷ್ಟೇ ಕಟ್ಟಿದವರಿಗೆ ಬೇರೆ ವಿಭಾಗವಿರುತ್ತದೆ, ಅದಕ್ಕೆ ಕಿಟ್‌ನ ಸೂಚನಾ ಹಾಳೆಯನ್ನೂ ಇಡಬೇಕಾಗಬಹುದು. ಹೊಸಬರು ಅಲ್ಲಿಂದಲೇ ಶುರುಮಾಡಿ. ಬೇರೆಯಾಗಿ ಕೊಳ್ಳುವ ದುಬಾರಿ ಹಿತ್ತಾಳೆ ತುಣುಕುಗಳ ಹಂಗಿಲ್ಲದೆ ಕೈಕೆಲಸವೊಂದೇ ಅಲ್ಲಿ ಅಳತೆಗೆ ಬರುತ್ತದೆ.

ಫಲಿತಾಂಶದ ಹಾಳೆಯಲ್ಲಿ ಹೆಸರಿಲ್ಲದಿದ್ದರೆ ನಿಮ್ಮ ವಿಭಾಗ ನೋಡಿದ ತೀರ್ಪುಗಾರರನ್ನು ಹುಡುಕಿ, ಏನು ಕಂಡಿತು ಎಂದು ವಿನಯದಿಂದ ಕೇಳಿ. ಅವರೂ ಮಾದರಿ ಕಟ್ಟುವವರೇ, ಆ ಸಂಜೆ ಮನಸ್ಸಿಟ್ಟು ಮಾತನಾಡುತ್ತಾರೆ. ಮಾದರಿಗಳಿಂದ ಇಡೀ ದೃಶ್ಯವನ್ನೇ ಕಟ್ಟುವ ಡಯೋರಮಾ ವಿಭಾಗದ ಬಗ್ಗೆ ಇವತ್ತು ಮಾತೇ ಆಡಲಿಲ್ಲ. ಅಲ್ಲಿ ಸಂದಿಯ ಜೊತೆಗೆ ಕಥೆಯನ್ನೂ ತೂಗುತ್ತಾರೆ, ಅದಕ್ಕೆ ಪೂರ್ತಿ ಒಂದು ವಿಡಿಯೋ ಬೇಕು. ಅಲ್ಲಿಯವರೆಗೆ ನಿಮ್ಮ ಮೇಜಿನ ಮೇಲಿರುವ ಕಿಟ್ ಯಾವುದು, ಯಾವ ಅಳತೆ ಎಂದು ಬರೆದು ತಿಳಿಸಿ.