71 ಪರ್ಸೆಂಟ್ ತೋರಿಸುತ್ತಿದ್ದ ಬ್ಯಾಟರಿ ರಾತ್ರೋರಾತ್ರಿ ಖಾಲಿ! ಮಾಗಡಿ ಕೆರೆ, ಗದಗ

ಬೆಳಗ್ಗೆ ಏಳು ಗಂಟೆ. ಈ ಗದ್ದಲ ಕೇಳಿಸುತ್ತಿದೆ ಅಲ್ವಾ? ಪಟ್ಟೆತಲೆ ಹೆಬ್ಬಾತುಗಳು. ಸುತ್ತಲಿನ ಹೊಲಗಳಲ್ಲಿ ಮೇಯ್ದು ಈಗ ಕೆರೆಗೆ ವಾಪಸ್ ಬರುತ್ತಿವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಇವತ್ತಿನ ವಿಡಿಯೋ ಪೂರ್ತಿ ಇವುಗಳದ್ದೇ ಆಗಬೇಕಿತ್ತು. ಆದರೆ ರಾತ್ರಿ ಎರಡೂವರೆಗೆ, ನಾನು ಅಮ್ಮ ಮಲಗಿದ್ದ ನಮ್ಮ ಗಾಡಿಯಲ್ಲಿ ಕರೆಂಟ್ ಹೋಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಫ್ಯಾನ್ ನಿಂತಿದ್ದಕ್ಕೆ ಎಚ್ಚರವಾಯಿತು. ಲೈಟ್ ಹತ್ತಲಿಲ್ಲ. ಬ್ಯಾಟರಿ ಮಾನಿಟರ್‌ನ ಸ್ಕ್ರೀನ್ ಕೂಡ ಕಪ್ಪು. ನನ್ನ ಎದೆ ಧಸಕ್ ಎಂದಿದ್ದು ಫ್ರಿಜ್ ನೆನಪಾಗಿ. ಅದರಲ್ಲಿ ಅಮ್ಮನ ಇನ್ಸುಲಿನ್ ಇದೆ. ಇನ್ನೂ ಸೀಲ್ ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬಾಗಿಲು ತೆಗೆಯಲೇ ಇಲ್ಲ, ಮೇಲೆ ಎರಡು ಕಂಬಳಿ ಹೊದಿಸಿದೆ. ಬೆಳಗ್ಗೆ ನೋಡಿದಾಗ ಒಳಗೆ 7 ಡಿಗ್ರಿ. ಸದ್ಯ, ಉಳಿಯಿತು.

ಈಗ ಇದು ನೋಡಿ, ಮಲಗುವ ಮುಂಚೆ ಫೋನಿನಲ್ಲಿ ತೆಗೆದ ಸ್ಕ್ರೀನ್‌ಶಾಟ್. 71 ಪರ್ಸೆಂಟ್. 100 ಆಂಪ್ ಅವರ್‌ನ ಲಿಥಿಯಂ ಬ್ಯಾಟರಿ, ಅಂದರೆ 10 ಆಂಪ್‌ನಂತೆ ಹತ್ತು ಗಂಟೆ ಕೊಡುವಷ್ಟು. 71 ಇದ್ದದ್ದು ಮೂರೂವರೆ ಗಂಟೆಯಲ್ಲಿ ಹೇಗೆ ಖಾಲಿಯಾಗುತ್ತದೆ? ಬ್ಯಾಟರಿ ಕೆಟ್ಟಿದೆ ಅಂತ ಸಿಟ್ಟು ಬಂತು. ಈ ಮಾನಿಟರ್ ಯಾರೂ ತಗೋಬೇಡಿ ಅಂತ ಕತ್ತಲಲ್ಲೇ ಒಂದು ವಿಡಿಯೋ ಕೂಡ ಮಾಡಿದ್ದೆ. ಅದನ್ನು ಹಾಕುವುದಿಲ್ಲ. ಆ ಮಾತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ತಪ್ಪು ಇಲ್ಲಿದೆ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಇದು ಬ್ಯಾಟರಿಯ ಮೈನಸ್. ಇಲ್ಲಿಂದ ಒಂದು ದಪ್ಪ ಕೇಬಲ್ ಶಂಟ್‌ಗೆ, ಅಂದರೆ ಮಾನಿಟರ್‌ಗೆ ಕರೆಂಟ್ ಅಳೆದು ಕೊಡುವ ತುಂಡಿಗೆ ಹೋಗಿದೆ, ಸರಿ. ಆದರೆ ಅದರ ಕೆಳಗೆ, ವಾಷರ್ ಅಡಿಯಲ್ಲಿ, ಒಂದು ಸಣ್ಣ ಕಪ್ಪು ವೈರ್ ಕಾಣುತ್ತಿದೆಯಾ? ಅದರ ತುದಿಯ ಲಗ್ ಮೇಲೆ ಎರೆ ಮಣ್ಣಿನ ದೂಳು ಕೂತಿದೆ. ಅದು ಫ್ರಿಜ್‌ನ ವೈರ್. ನೇರ ಬ್ಯಾಟರಿಗೆ ಕೊಟ್ಟಿದ್ದಾರೆ.

ಶಂಟ್ ಅಂದರೆ ಟೋಲ್ ಗೇಟ್ ಇದ್ದ ಹಾಗೆ. ತನ್ನ ಮೂಲಕ ಹೋಗಿ ಬರುವ ಕರೆಂಟನ್ನು ಮಾತ್ರ ಎಣಿಸುತ್ತದೆ. ಪಕ್ಕದ ಹೊಲದ ದಾರಿಯಲ್ಲಿ ದಾಟಿ ಹೋದ ಗಾಡಿ ಅದಕ್ಕೆ ಗೊತ್ತೇ ಆಗುವುದಿಲ್ಲ. ನಮ್ಮ ಫ್ರಿಜ್ 45 ವ್ಯಾಟ್. ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಓಡುತ್ತದೆ ಅಂದುಕೊಂಡರೂ ದಿನಕ್ಕೆ ಸುಮಾರು 34 ಆಂಪ್ ಅವರ್. ಎರಡು ದಿನಕ್ಕೆ 68. ಅಷ್ಟೂ ಲೆಕ್ಕಕ್ಕೇ ಬಂದಿಲ್ಲ. ವೈರಿಂಗ್ ಮಾಡಿಸಿದ್ದು ಹುಬ್ಬಳ್ಳಿಯಲ್ಲಿ, 6,500 ರೂಪಾಯಿ ಕೊಟ್ಟಿದ್ದೆ. ಮಾಡಿದವರ ಹೆಸರು ಹೇಳುವುದಿಲ್ಲ, ಆದರೆ ನನಗೆ ಬೇಜಾರಾಗಿದೆ. ಮೈನಸ್ ಎಲ್ಲವೂ ಶಂಟ್‌ನ ಆಚೆ ಬದಿಗೇ ಬರಬೇಕು ಅಂತ ಮಾನಿಟರ್ ಜೊತೆ ಕೊಡುವ ಚೀಟಿಯಲ್ಲೇ ಬರೆದಿರುತ್ತದೆ.

ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ? ದಿನಾ ಬಿಸಿಲಲ್ಲಿ ನಿಲ್ಲಿಸುತ್ತಿದ್ದೆವು. ಮೇಲೆ 300 ವ್ಯಾಟ್ ಪ್ಯಾನೆಲ್ ಇದೆ, ಮಧ್ಯಾಹ್ನ ಮೂರಕ್ಕೆಲ್ಲ ಬ್ಯಾಟರಿ ನಿಜವಾಗಿಯೂ ಫುಲ್. ಸ್ಕ್ರೀನ್‌ನ 100, ಬ್ಯಾಟರಿಯ 100 ಒಂದೇ ಆಗಿ, ತಪ್ಪು ಲೆಕ್ಕ ದಿನಾ ಅಳಿಸಿ ಹೋಗುತ್ತಿತ್ತು. ಈ ಸಲ ಫೆಬ್ರವರಿಯಲ್ಲೇ ಬಿಸಿಲು ಸುಡುತ್ತಿದೆ, ಅಮ್ಮನಿಗೆ ಸೆಕೆ ಆಗಬಾರದು ಅಂತ ಎರಡು ದಿನ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ನೆರಳಲ್ಲಿ ದಿನಕ್ಕೆ 20 ಆಂಪ್ ಅವರ್ ಬಂದರೆ ಜಾಸ್ತಿ.

ಸುಳಿವು ಇತ್ತು. ಸ್ಕ್ರೀನ್ 100 ಅಂದ ಮೇಲೂ ತುಂಬಾ ಹೊತ್ತು 9 ಆಂಪ್ ಒಳಗೆ ಹೋಗುತ್ತಿತ್ತು. ತುಂಬಿದ ಕೊಡಕ್ಕೆ ಅಷ್ಟು ನೀರು ಎಲ್ಲಿಂದ ಹಿಡಿಸುತ್ತದೆ? ಇನ್ನೊಂದು, ನಿನ್ನೆ ಸಂಜೆ ವೋಲ್ಟೇಜ್ 12.9 ಇತ್ತು. ನೋಡಿ ಸಮಾಧಾನ ಪಟ್ಟುಕೊಂಡೆ. ಮನೆಯ ಇನ್ವರ್ಟರ್ ಬ್ಯಾಟರಿಯ ಅಭ್ಯಾಸ ಅದು. ಲೆಡ್ ಆಸಿಡ್‌ನಲ್ಲಿ 12.7 ಅಂದರೇ ಫುಲ್. ಲಿಥಿಯಂನಲ್ಲಿ 12.9 ಅಂದರೆ 20 ಪರ್ಸೆಂಟ್ ಹತ್ತಿರ ಬಂದಿರುತ್ತದೆ. ಮಧ್ಯದಲ್ಲೆಲ್ಲ 13.1, 13.2 ಅಂತ ಒಂದೇ ಕಡೆ ನಿಂತಿರುತ್ತದೆ, ಕೊನೆಯಲ್ಲಿ ಸರ್ರನೆ ಇಳಿಯುತ್ತದೆ. ಅದಕ್ಕೇ ಶಂಟ್ ಬೇಕು.

ಇವರು ಪಕ್ಕದ ಹೊಲದವರು. ಬಾನೆಟ್ ಎತ್ತಿದ್ದು ನೋಡಿ ಬಂದರು. "ಟ್ರ್ಯಾಕ್ಟರ್ ತರ್ಲೇನ್ರೀ?" ಅಂತ ಕೇಳಿದರು. ಇಂಜಿನ್ ಬ್ಯಾಟರಿ ಬೇರೆ ಇದೆ, ಅದು ಚೆನ್ನಾಗಿದೆ ಅಂದೆ. ಆದರೂ ಹೋಗಿ ಎರಡು ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟರು. ಅಮ್ಮ ಇನ್ನೂ ಅವರ ಜೊತೆ ಮಾತಾಡುತ್ತಿದ್ದಾರೆ, ಅವರ ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದಾರಂತೆ. ಹಾಂ, ತುಂಬಾ ಜನ ಕೇಳಿದ್ದೀರಿ, ಗದಗ ಅಂದರೆ ಗಾಳಿ, ಕಪ್ಪತಗುಡ್ಡದ ಕಡೆ ಅಷ್ಟು ಗಾಳಿಯಂತ್ರ ಇವೆ, ಗಾಡಿ ಮೇಲೆ ಒಂದು ಸಣ್ಣದು ಹಾಕಿ ಅಂತ. ಬೇಡ. ಅವು ಬೆಟ್ಟದ ಮೇಲೆ, ಎತ್ತರದ ಕಂಬದ ಮೇಲೆ ಇರುವಂಥವು. ಮರದ ಪಕ್ಕ, ಆಳೆತ್ತರದಲ್ಲಿ ಅಂಥ ಗಾಳಿ ಸಿಗುವುದಿಲ್ಲ. ಆ ದುಡ್ಡಿಗೆ ಇನ್ನೊಂದು ಪ್ಯಾನೆಲ್... ಸರಿ, ಬೋಲ್ಟ್ ಸಡಿಲ ಆಯಿತು.

13 ನಂಬರ್ ಪಾನಾ. ಹಿಡಿಗೆ ಟೇಪ್ ಸುತ್ತಿದ್ದೇನೆ, ಪ್ಲಸ್‌ಗೆ ತಾಗಿದರೆ ಕಿಡಿ ಹಾರುತ್ತದೆ. ಫ್ರಿಜ್ ವೈರ್ ತೆಗೆದೆ, ಶಂಟ್‌ನ ಲೋಡ್ ಬದಿಗೆ ಹಾಕಿದೆ. ಗಾಡಿಯನ್ನು ಊರಿನ ರಸ್ತೆಗೆ ಒಯ್ದು ಇಂಜಿನ್ ಚಾಲೂ ಮಾಡಿದೆ, ಹಕ್ಕಿಗಳ ಹತ್ತಿರ ಬೇಡ ಅಂತ. ಇಂಜಿನ್‌ನಿಂದ ನಡೆಯುವ 20 ಆಂಪ್‌ನ ಚಾರ್ಜರ್‌ನಿಂದ, ಖಾಲಿಯಾಗಿ ತಾನೇ ಆಫ್ ಆಗಿದ್ದ ಬ್ಯಾಟರಿ ಎಚ್ಚರಗೊಂಡಿತು. ಈಗ ಬಯಲಲ್ಲಿ ನಿಂತಿದ್ದೇವೆ. ಪ್ಯಾನೆಲ್ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇನೆ, ಬಟ್ಟೆ ನೋಡಿ ಎಷ್ಟು ಕಪ್ಪಾಗಿದೆ. ಪೂರ್ತಿ ತುಂಬುವ ತನಕ ಆ ಪರ್ಸೆಂಟ್ ನಂಬುವುದಿಲ್ಲ.

ಒಂದು ನಿಮಿಷ, ಸೋಲಾರ್ ಆಫ್ ಮಾಡಿದೆ. ಉಳಿದಿದ್ದೆಲ್ಲ ಆಫ್. ಸ್ಕ್ರೀನ್ ಸೊನ್ನೆ. ಫ್ರಿಜ್ ಹಾಕುತ್ತೇನೆ. ಕಂಪ್ರೆಸರ್ ಸದ್ದು ಬಂತು. ಮೈನಸ್ 3.5 ಆಂಪ್! ಬಂತು ನೋಡಿ, ಲೆಕ್ಕಕ್ಕೆ ಬಂತು. ಅಮ್ಮಾ, ಇನ್ಸುಲಿನ್ ಒಳಗಿಡು. ಅಯ್ಯೋ, ಹಕ್ಕಿ ಎದ್ದವು, ಇನ್ನೊಂದು ಕ್ಯಾಮೆರಾ ಎಲ್ಲಿ?